ಹುಬ್ಬಳ್ಳಿಯಿಂದ ಅಂಡಮಾನ್‌ಗೆ: ಸಮುದ್ರಕ್ಕೂ ಇತಿಹಾಸಕ್ಕೂ ದಿನ ಹೊಂದಿಸುವುದು ಹೇಗೆ?

ಪ್ರತಿ ವರ್ಷ ಮೇ ತಿಂಗಳಲ್ಲಿ ನಮ್ಮ ಕಡೆಯ ರೈತರು ಕಿವಿಗೊಟ್ಟು ಕೇಳುವ ಸುದ್ದಿ ಒಂದಿದೆ: ‘ಅಂಡಮಾನ್‌ಗೆ ಮುಂಗಾರು ಬಂತು’. ಕೇರಳಕ್ಕೆ ಜೂನ್ 1ರ ಹೊತ್ತಿಗೆ ಬರುವ ಮಳೆ ಅಲ್ಲಿಗೆ ಮೇ ಮೂರನೇ ವಾರದ ಸುಮಾರಿಗೇ ಬಂದಿರುತ್ತದೆ. ಹಾವೇರಿ, ಗದಗದವರಿಗೆ ಬೀಜ-ಗೊಬ್ಬರ ಹೊಂದಿಸಿಕೊಳ್ಳಿ ಅನ್ನುವ ಸೂಚನೆ ಅದು. ಅಂಡಮಾನ್ ನೋಡಬೇಕು ಅನ್ನುವವರಿಗೆ ಅದೇ ಗಡುವು. ಮಳೆ ಶುರುವಾದರೆ ಸಮುದ್ರ ಏಳುತ್ತದೆ, ಹಡಗು ನಿಲ್ಲುತ್ತವೆ, ನೀರು ಕಲಕಿ ಒಳಗಿನದ್ದೇನೂ ಕಾಣುವುದಿಲ್ಲ.

ಹಾಗಾಗಿ ಡಿಸೆಂಬರ್‌ನಿಂದ ಏಪ್ರಿಲ್ ಒಳಗೆ ಹೋಗಿ ಬನ್ನಿ. ಜೋಳ, ಕಡಲೆಯ ಸುಗ್ಗಿ ಮುಗಿದು ಮುಂಗಾರಿ ಬಿತ್ತನೆಗೆ ಇನ್ನೂ ಟೈಮ್ ಇರುವ ಆ ನಡುವಿನ ದಿನಗಳು ಒಕ್ಕಲುತನದ ಮನೆಗಳಿಗೆ ಸರಿಯಾಗಿ ಹೊಂದುತ್ತವೆ. ಶಾಲೆಯ ಮಕ್ಕಳಿದ್ದರೆ ಪರೀಕ್ಷೆ ಮುಗಿದ ಕೂಡಲೇ ಏಪ್ರಿಲ್‌ನಲ್ಲಿ ಹೊರಡಿ.

ನೋಡುವ ಜಾಗಗಳ ಪಟ್ಟಿ ಯಾರು ಬೇಕಾದರೂ ಕೊಡುತ್ತಾರೆ. ಯಾವುದನ್ನು ಯಾವ ದಿನ ಮಾಡಬೇಕು ಅನ್ನೋದೇ ಮುಖ್ಯ. ನನ್ನ ಲೆಕ್ಕ ಹೀಗಿದೆ: ಮೊದಲ ದಿನ ಬ್ರಿಟಿಷರ ಕಾಲದ ಸೆಲ್ಯುಲರ್ ಜೈಲು, ನಡುವಿನ ದಿನಗಳು ನೀರು, ಕೊನೆಯ ಪೂರ್ತಿ ದಿನ ಮತ್ತೆ ನೆಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನೀರಿನ ಅಭ್ಯಾಸ ಊರಲ್ಲೇ ಆಗಲಿ

ನಮ್ಮದು ಕೆರೆ-ಬಾವಿಯ ಸೀಮೆ. ಉಣಕಲ್ ಕೆರೆಯ ದಂಡೆಯಲ್ಲಿ ಕೂತು ಗಿರ್ಮಿಟ್ ತಿಂದವರು ಬಹಳ, ನೀರಿಗಿಳಿದವರು ಕಡಿಮೆ. ಮನೆಯಲ್ಲಿ ಅವ್ವ ‘ನೀರಿನ ಜೋಡಿ ಆಟ ಬ್ಯಾಡಪಾ’ ಅನ್ನುತ್ತಲೇ ಬೆಳೆಸಿರುತ್ತಾಳೆ. ಆ ಭಯವನ್ನು ಅಲ್ಲಿಗೆ ಹೋಗಿ ಬಿಡಿಸಿಕೊಳ್ಳಲು ಆಗುವುದಿಲ್ಲ. ಎರಡು ತಿಂಗಳು ಮೊದಲೇ ಅವಳಿನಗರದ ಯಾವುದಾದರೂ ಈಜುಕೊಳಕ್ಕೆ ಸೇರಿ. ಈಜು ಪೂರ್ತಿ ಬರದಿದ್ದರೂ ನಡೆಯುತ್ತದೆ. ಮುಖ ನೀರಲ್ಲಿಟ್ಟು ಗಾಬರಿಯಾಗದೆ ಇರುವುದು ಬಂದರೆ ಸಾಕು.

ಇನ್ನೊಂದು ಅಭ್ಯಾಸಕ್ಕೆ ನೀರೂ ಬೇಡ. ಟಿವಿ ನೋಡುತ್ತಾ ಮೂಗು ಹಿಡಿದುಕೊಂಡು ಹತ್ತು ನಿಮಿಷ ಬಾಯಲ್ಲೇ ನಿಧಾನಕ್ಕೆ ಉಸಿರಾಡಿ. ಸ್ನಾರ್ಕೆಲಿಂಗ್ (ಮೇಲೆ ತೇಲುತ್ತಾ ಕೊಳವೆಯಿಂದ ಉಸಿರಾಡಿ ನೀರೊಳಗೆ ನೋಡುವುದು), ಸ್ಕೂಬಾ (ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ ಮುಳುಗುವುದು) ಎರಡರಲ್ಲೂ ಮೂಗು ಮಾಸ್ಕ್ ಒಳಗೆ ಮುಚ್ಚಿರುತ್ತದೆ, ಉಸಿರೆಲ್ಲ ಬಾಯಿಂದಲೇ. ಹೊಸಬರು ತಡಬಡಾಯಿಸುವುದು ಇಲ್ಲೇ.

ಸಮುದ್ರದ ಮೊದಲ ಪರಿಚಯಕ್ಕೆ ಮುರ್ಡೇಶ್ವರ ಇದೆ. ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪದ ಹತ್ತಿರ ಕರೆದೊಯ್ದು ಸ್ಕೂಬಾ ಮಾಡಿಸುತ್ತಾರೆ. ಹುಬ್ಬಳ್ಳಿಯಿಂದ ವಾರಾಂತ್ಯದಲ್ಲಿ ಹೋಗಿ ಬರುವ ದೂರ. ಅಲ್ಲಿ ಒಮ್ಮೆ ಮುಳುಗಿ ಬಂದವರು ಅಂಡಮಾನ್‌ನಲ್ಲಿ ಹೆದರಿಕೆ ಬಿಟ್ಟು ಮೀನು ನೋಡುತ್ತಾರೆ.

ಬಟ್ಟೆಯ ವಿಷಯ: ಸೀರೆ, ದುಪಟ್ಟಾ, ಜೀನ್ಸ್ ನೀರಿಗೆ ಬೇಡ. ನೆನೆದರೆ ಭಾರವಾಗಿ ಕಾಲಿಗೆ ಸುತ್ತಿಕೊಳ್ಳುತ್ತವೆ. ಬೇಗ ಒಣಗುವ ತುಂಬುತೋಳಿನ ಟೀ ಶರ್ಟ್, ಲೆಗ್ಗಿಂಗ್ಸ್ ತಗೊಳ್ಳಿ. ಬಿಸಿಲಿನಿಂದಲೂ ಕಾಪಾಡುತ್ತವೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡರೆ ಹಡಗು ತಡವಾದ ದಿನ ಹೊಟ್ಟೆ ಕಾಯುವುದಿಲ್ಲ.

ಪ್ರಯಾಣ

ಹುಬ್ಬಳ್ಳಿಯಿಂದ ಬೆಂಗಳೂರಿಗೆ ರೈಲಾಗಲಿ ವಿಮಾನವಾಗಲಿ, ಹಿಂದಿನ ದಿನವೇ ತಲುಪಿ ಅಲ್ಲಿ ಉಳಿಯಿರಿ. ರಾತ್ರಿ ರೈಲು ನಂಬಿ ಬೆಳಗಿನ ವಿಮಾನದ ಟಿಕೆಟ್ ಮಾಡಿಸುವುದು ದೊಡ್ಡ ಜೂಜು. ಮೆಜೆಸ್ಟಿಕ್‌ನಿಂದ ದೇವನಹಳ್ಳಿಯ ವಿಮಾನ ನಿಲ್ದಾಣ ಸುಮಾರು 35 ಕಿ.ಮೀ. ದೂರವಿದೆ. ಬೆಂಗಳೂರಿನಿಂದ ನೇರ ವಿಮಾನಕ್ಕೆ ಎರಡೂವರೆ ತಾಸು ಹಿಡಿಯುತ್ತದೆ.

ಹೆಸರುಗಳು ಬದಲಾಗಿವೆ, ಟಿಕೆಟ್ ಮಾಡಿಸುವಾಗ ಗೊಂದಲ ಬೇಡ. ಪೋರ್ಟ್ ಬ್ಲೇರ್ ಈಗ ಶ್ರೀ ವಿಜಯಪುರಂ, 2024ರಿಂದ. 2018ರಲ್ಲೇ ಹ್ಯಾವ್‌ಲಾಕ್ ಸ್ವರಾಜ್ ದ್ವೀಪವಾಯಿತು, ನೀಲ್ ಶಹೀದ್ ದ್ವೀಪವಾಯಿತು, ರಾಸ್ ದ್ವೀಪಕ್ಕೆ ನೇತಾಜಿ ಸುಭಾಷಚಂದ್ರ ಬೋಸ್ ಹೆಸರಿಟ್ಟರು. ಜನ ಮಾತ್ರ ಇನ್ನೂ ಹಳೆಯ ಹೆಸರಲ್ಲೇ ಕರೆಯುತ್ತಾರೆ.

ಹೋಟೆಲ್‌ಗಿಂತ ಮೊದಲು ದ್ವೀಪದಿಂದ ದ್ವೀಪಕ್ಕೆ ಹೋಗುವ ಹಡಗಿನ ಟಿಕೆಟ್ ಮಾಡಿಸಿ. ಸೀಟು ಸಿಕ್ಕ ದಿನಕ್ಕೆ ತಕ್ಕಂತೆ ಉಳಿದದ್ದು ಹೊಂದಿಸಿಕೊಳ್ಳಬಹುದು. ಆಧಾರ್ ಎಲ್ಲರದ್ದೂ ಜೊತೆಗಿರಲಿ. ಅರಬೈಲ್ ಘಟ್ಟದಲ್ಲಿ ಬಸ್ಸಿನ ಕಿಟಕಿ ಹುಡುಕುವವರು ಹಡಗು ಹತ್ತುವ ಅರ್ಧ ತಾಸು ಮೊದಲೇ ಡಾಕ್ಟರ್ ಹೇಳಿದ ವಾಂತಿ ಮಾತ್ರೆ ತಗೊಳ್ಳಲಿ. ಚಿಕ್ಕ ದ್ವೀಪಗಳಲ್ಲಿ ಫೋನ್ ಪೇ ಕೈಕೊಡುತ್ತದೆ, ನಗದು ಇಟ್ಟುಕೊಳ್ಳಿ.

ಗಡಿಯಾರದ್ದೂ ಒಂದು ವಿಷಯ ಇದೆ. ಅಲ್ಲಿ ನಮ್ಮದೇ ಟೈಮ್, ಆದರೆ ಸೂರ್ಯ ಹುಬ್ಬಳ್ಳಿಗಿಂತ ಒಂದು ತಾಸಿಗೂ ಮೊದಲೇ ಹುಟ್ಟಿ ಮೊದಲೇ ಮುಳುಗುತ್ತಾನೆ. ಡಿಸೆಂಬರ್‌ನಲ್ಲಿ ಸಂಜೆ ಐದರ ಸುಮಾರಿಗೆ ಹೊತ್ತು ಮುಳುಗುತ್ತದೆ. ಹತ್ತು ಗಂಟೆಗೆ ತಿಂಡಿ ಮುಗಿಸಿ ಹೊರಟರೆ ಅರ್ಧ ದಿನ ಹೋಯಿತು ಅಂತಲೇ ಲೆಕ್ಕ. ಆರಕ್ಕೇ ಹೊರಬೀಳಿ.

ಮೊದಲ ದಿನ: ಸೆಲ್ಯುಲರ್ ಜೈಲು

ವಿಮಾನ ಇಳಿದ ದಿನ ಮೈ ದಣಿದಿರುತ್ತದೆ, ನೀರಿಗಿಳಿಯುವುದು ಬೇಡ. ಮಧ್ಯಾಹ್ನ ಜೈಲಿಗೆ ಹೋಗಿ. ಸುಮ್ನೆ ಫೋಟೊ ತೆಗೆದು ಬರುವ ಜಾಗ ಇದಲ್ಲ, ಎರಡು ತಾಸು ಬೇಕು. ವಾರದ ರಜೆ ಯಾವತ್ತು ಅಂತ ಮೊದಲೇ ವಿಚಾರಿಸಿಕೊಳ್ಳಿ.

ಹೋಗುವ ಮುನ್ನ ಒಂದು ವರ್ಷ ನೆನಪಿಡಿ: 1858. ಆ ವರ್ಷ ನಮ್ಮ ನರಗುಂದದ ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಮುಂಡರಗಿ ಭೀಮರಾಯರು ಕೊಪ್ಪಳದ ಕೋಟೆಯಲ್ಲಿ ಹೋರಾಡುತ್ತಾ ಸತ್ತರು. ಅದೇ ವರ್ಷದ ಮಾರ್ಚ್‌ನಲ್ಲಿ, 1857ರ ದಂಗೆಯ ಬೆನ್ನಿಗೇ, ಇನ್ನೂರು ಕೈದಿಗಳನ್ನು ಹೊತ್ತ ಹಡಗು ಅಂಡಮಾನ್ ಮುಟ್ಟಿತು. ಗದಗ ಜಿಲ್ಲೆಯ ಬಂಡಾಯವೂ ಕರಿನೀರಿನ ಶಿಕ್ಷೆಯೂ ಒಂದೇ ಕತೆಯ ಎರಡು ಪುಟಗಳು. ಮಕ್ಕಳಿಗೆ ಇದನ್ನು ವಿಮಾನದಲ್ಲೇ ಹೇಳಿ. ಜೈಲಿನೊಳಗೆ ಕಾಲಿಡುವಾಗ ಅವರ ಕಣ್ಣೇ ಬೇರೆ ಥರ ಇರುತ್ತದೆ.

ಜೈಲು ಕಟ್ಟಿದ್ದು ಆಮೇಲೆ, 1896ರಿಂದ 1906ರವರೆಗೆ. ನಡುವೆ ಒಂದು ಗೋಪುರ, ಅದರಿಂದ ಸೈಕಲ್ ಗಾಲಿಯ ಕಡ್ಡಿಗಳಂತೆ ಏಳು ಸಾಲು. ಈಗ ಉಳಿದಿರುವುದು ಮೂರು. ಯಾವುದಾದರೂ ಕೋಣೆಯೊಳಗೆ ಹೋಗಿ ನಿಲ್ಲಿ. ಉದ್ದ 13.5 ಅಡಿ, ಅಗಲ 7 ಅಡಿ. ಗಾಳಿಗೆ ಎತ್ತರದಲ್ಲಿ ಒಂದು ಕಿಂಡಿ. ಬಾಗಿಲ ಸರಳಿಗೆ ಮುಖವಿಟ್ಟು ನೋಡಿದರೆ ಎದುರಿಗೆ ಕಾಣುವುದು ಮುಂದಿನ ಸಾಲಿನ ಬೆನ್ನು ಮಾತ್ರ. ಒಬ್ಬ ಕೈದಿಗೆ ಇನ್ನೊಬ್ಬನ ಮುಖ ಕಾಣಬಾರದು ಅಂತಲೇ ಹಾಗೆ ಕಟ್ಟಿದ್ದು. ಚಿಲಕ ನೋಡಲು ಮರೆಯಬೇಡಿ. ಅದು ಬಾಗಿಲಿನಿಂದ ದೂರ, ಹೊರಗೋಡೆಯಲ್ಲಿ ಕೊರೆದ ಗೂಡಿನಲ್ಲಿದೆ. ಒಳಗಿನಿಂದ ಎಷ್ಟು ಕೈ ಚಾಚಿದರೂ ಎಟುಕುವುದಿಲ್ಲ. ಮಗುವಿಗೆ ಒಳಗೆ ನಿಂತು ಕೈ ಹಾಕಿ ನೋಡಲು ಹೇಳಿ, ವಿವರಣೆಯೇ ಬೇಕಾಗುವುದಿಲ್ಲ.

ಅಂಗಳದಲ್ಲಿ ಎಣ್ಣೆ ಗಾಣ ಇದೆ. ನಮ್ಮ ಕಡೆ ಎತ್ತು ತಿರುಗಿಸುತ್ತಿದ್ದ ಗಾಣವನ್ನು ಇಲ್ಲಿ ಮನುಷ್ಯರಿಂದ ತಿರುಗಿಸಿದರು. ದಿನಕ್ಕೆ 30 ಪೌಂಡ್, ಅಂದರೆ ಹದಿಮೂರು ಕಿಲೋಗೂ ಜಾಸ್ತಿ ಕೊಬ್ಬರಿ ಎಣ್ಣೆ ತೆಗೆಯಬೇಕಿತ್ತು. 1933ರ ಉಪವಾಸದಲ್ಲಿ ಮಹಾವೀರ ಸಿಂಗ್, ಮೋಹನ ಕಿಶೋರ ನಾಮದಾಸ್, ಮೋಹಿತ್ ಮೊಯಿತ್ರಾ ಪ್ರಾಣ ಬಿಟ್ಟರು. 1937ರಲ್ಲಿ ಮತ್ತೆ ಉಪವಾಸ ಕೂತ ಮೇಲೆ ರಾಜಕೀಯ ಕೈದಿಗಳನ್ನು ವಾಪಸ್ ಕಳಿಸಲು ಸರ್ಕಾರ ಒಪ್ಪಬೇಕಾಯಿತು. 1979ರಲ್ಲಿ ಇದು ರಾಷ್ಟ್ರೀಯ ಸ್ಮಾರಕವಾಯಿತು. ಸಂಜೆಯ ಬೆಳಕು-ಧ್ವನಿ ಕಾರ್ಯಕ್ರಮ ಹಿಂದಿಯಲ್ಲಿ ಇರುತ್ತದೆ, ಟಿಕೆಟ್ ಮೊದಲೇ ತಗೊಳ್ಳಿ.

ನಡುವಿನ ದಿನಗಳು: ಹ್ಯಾವ್‌ಲಾಕ್

ಇಲ್ಲಿ ಕಡಿಮೆಯೆಂದರೆ ಎರಡು ರಾತ್ರಿ ಉಳಿಯಿರಿ. ರಾಧಾನಗರ ಬೀಚ್ ಪಡುವಣಕ್ಕೆ ಮುಖ ಮಾಡಿದೆ, ಹೊತ್ತು ಮುಳುಗುವುದನ್ನು ಅಲ್ಲೇ ನೋಡಬೇಕು. 2004ರಲ್ಲಿ ಟೈಮ್ ಪತ್ರಿಕೆ ಇದನ್ನು ಏಷ್ಯಾದ ಅತ್ಯುತ್ತಮ ಬೀಚ್ ಅಂದಿತ್ತು, 2020ರಲ್ಲಿ ಸ್ವಚ್ಛ, ಸುರಕ್ಷಿತ ಬೀಚ್‌ಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆಯೂ ಸಿಕ್ಕಿತು. ಲೈಫ್‌ಗಾರ್ಡ್ ತೋರಿಸಿದ ಜಾಗದಲ್ಲಷ್ಟೇ ಇಳಿಯಿರಿ. ಮೊಸಳೆಯ ಎಚ್ಚರಿಕೆ ಫಲಕ ಕಂಡರೆ ಅದು ನಿಜಕ್ಕೂ ಎಚ್ಚರಿಕೆಯೇ, ಈ ದ್ವೀಪಗಳಲ್ಲಿ ಉಪ್ಪುನೀರಿನ ಮೊಸಳೆಗಳಿವೆ. ಅಲೆಯ ಸೆಳೆತ ಒಳಗೆ ಎಳೆದರೆ ದಡದ ಕಡೆ ಗುದ್ದಾಡಬೇಡಿ. ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ, ಸೆಳೆತದ ಪಟ್ಟಿ ದಾಟಿದ ಮೇಲೆ ದಡಕ್ಕೆ ತಿರುಗಿ.

ಸ್ನಾರ್ಕೆಲಿಂಗ್‌ಗೆ ಎಲಿಫೆಂಟ್ ಬೀಚ್. ಜೆಟ್ಟಿಯಿಂದ ದೋಣಿಯಲ್ಲಿ ಸ್ವಲ್ಪ ಹೊತ್ತಿನ ದಾರಿ. ಹಿಂದೆ ಮರದ ದಿಮ್ಮಿ ಎಳೆಯಲು ಈ ದ್ವೀಪಗಳಿಗೆ ಆನೆಗಳನ್ನು ತಂದಿದ್ದರು, ಅವು ದ್ವೀಪದಿಂದ ದ್ವೀಪಕ್ಕೆ ಈಜುತ್ತಿದ್ದವು. ದಂಡೆಯ ಮೇಲೆ ಬೆಳ್ಳಗಾಗಿ ಬಿದ್ದಿರುವ ಹೆಮ್ಮರಗಳು 2004ರ ಸುನಾಮಿಯ ಗುರುತು.

ಮಾಸ್ಕ್ ಕೊಟ್ಟಾಗ ಹೀಗೆ ಪರೀಕ್ಷಿಸಿ. ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರು ಎಳೆಯಿರಿ. ಕೈ ಬಿಟ್ಟರೂ ಅಂಟಿಕೊಂಡಿದ್ದರೆ ನಿಮ್ಮ ಅಳತೆಯದ್ದು. ಬಿದ್ದರೆ ಬೇರೆ ಕೇಳಿ, ಸಂಕೋಚ ಬೇಡ. ಒಳಗೆ ಕೂದಲಿನ ಎಳೆ ಸಿಕ್ಕಿದ್ದರೂ ನೀರು ಬರುತ್ತದೆ. ದಪ್ಪ ಮೀಸೆಯವರಿಗೆ ಇದೇ ತೊಂದರೆ. ಮೂಗಿನ ಕೆಳಗೆ ಮಾಸ್ಕ್ ಕೂಡುವಷ್ಟು ಒಂದು ತೆಳು ಗೆರೆ ಬೋಳಿಸಿಕೊಂಡರೆ ಸರಿಹೋಗುತ್ತದೆ, ಮೀಸೆಯ ಅಂದ ಕೆಡುವುದಿಲ್ಲ.

ಮುಖ ನೀರಲ್ಲಿಟ್ಟು ಸುಮ್ಮನೆ ತೇಲಿ. ಎರಡು ನಿಮಿಷ ಕಾಲು ಬಡಿಯದೆ ಇದ್ದರೆ ಮೀನು ತಾವಾಗಿಯೇ ಹತ್ತಿರ ಬರುತ್ತವೆ. ಕಿವಿಗೆ ಕರಕರ ಸದ್ದು ಕೇಳಿದರೆ ಸುತ್ತ ನೋಡಿ, ಗಿಳಿಮೀನು ಹವಳದ ಬಂಡೆ ಕೆರೆದು ತಿನ್ನುತ್ತಿರುತ್ತದೆ. ತಿಂದ ಸುಣ್ಣದ ಪುಡಿಯನ್ನು ಹೊರಹಾಕುತ್ತದೆ. ನೀವು ಬರಿಗಾಲಲ್ಲಿ ತುಳಿದು ಬಂದ ಬಿಳಿ ಮರಳಿನಲ್ಲಿ ಅದೂ ಸೇರಿದೆ. ಹವಳ ಕಲ್ಲಿನಂತೆ ಕಂಡರೂ ಜೀವಂತ. ನೀರು ಬಿಸಿಯಾಗಿ 2010ರಲ್ಲಿ ಇಲ್ಲಿನ ಎಷ್ಟೋ ಹವಳ ಬಿಳಿಚಿಕೊಂಡವು, ಇನ್ನೂ ಚೇತರಿಸಿಕೊಳ್ಳುತ್ತಿರುವ ಜಾಗಗಳಿವೆ. ದಯವಿಟ್ಟು ಅದರ ಮೇಲೆ ನಿಲ್ಲಬೇಡಿ, ಮುಟ್ಟಲೂಬೇಡಿ.

ಸ್ಕೂಬಾಕ್ಕೆ ಈಜು ಬರಲೇಬೇಕೆಂದಿಲ್ಲ, ತರಬೇತುದಾರರು ಹಿಡಿದುಕೊಂಡೇ ಇರುತ್ತಾರೆ. ಹತ್ತು ವರ್ಷ ತುಂಬಿದ ಮಕ್ಕಳೂ ಮಾಡಬಹುದು. ಆದರೆ ಆರೋಗ್ಯದ ಫಾರ್ಮ್‌ನಲ್ಲಿ ಏನೂ ಮುಚ್ಚಿಡಬೇಡಿ. ಅಸ್ತಮಾ, ಹೃದಯದ ತೊಂದರೆ ಇದ್ದವರು ಊರಲ್ಲೇ ಡಾಕ್ಟರ್ ಕೇಳಿ ಬರಬೇಕು. ಗರ್ಭಿಣಿಯರು, ನೆಗಡಿಯಾದವರು ಇಳಿಯಲೇಬಾರದು. ಕೆಳಗಿಳಿದಂತೆ ಕಿವಿ ಒತ್ತುತ್ತದೆ. ಆಗ ಮಾಸ್ಕ್ ಮೇಲಿನಿಂದಲೇ ಮೂಗು ಹಿಡಿದು ಮೆಲ್ಲಗೆ ಊದಿ. ನೋವು ಬರುವ ಮೊದಲೇ ಮಾಡಬೇಕು, ಮತ್ತೆ ಮತ್ತೆ ಮಾಡಬೇಕು. ಹೆಬ್ಬೆರಳು ಎತ್ತಿದರೆ ನೀರೊಳಗೆ ‘ಮೇಲೆ ಹೋಗೋಣ’ ಅಂತ ಅರ್ಥ. ಚೆನ್ನಾಗಿದೆ ಅನ್ನಲು ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಿ. ಎಲ್ಲಕ್ಕಿಂತ ಮುಖ್ಯವಾದದ್ದು: ಉಸಿರು ಹಿಡಿಯಬೇಡಿ. 10 ಮೀಟರ್ ಆಳದಲ್ಲಿ ಒತ್ತಡ ದುಪ್ಪಟ್ಟು. ಅಲ್ಲಿ ಎಳೆದ ಗಾಳಿ ಮೇಲೆ ಬರುವಷ್ಟರಲ್ಲಿ ಎರಡು ಪಟ್ಟು ಹಿಗ್ಗುತ್ತದೆ, ಶ್ವಾಸಕೋಶಕ್ಕೆ ಪೆಟ್ಟಾಗುತ್ತದೆ.

ಕೊನೆಯ ದಿನ ನೆಲದ ಮೇಲಿರಲಿ ಅಂದದ್ದು ಇದಕ್ಕೇ. ಆಳದಲ್ಲಿ ರಕ್ತದೊಳಗೆ ಕರಗಿದ ನೈಟ್ರೋಜನ್ ಹೊರಹೋಗಲು ಸಮಯ ಬೇಕು. ಅದಕ್ಕೂ ಮೊದಲು ವಿಮಾನ ಹತ್ತಿದರೆ ಅಪಾಯ. ಒಂದೇ ಡೈವ್ ಆಗಿದ್ದರೂ 12 ತಾಸು, ಜಾಸ್ತಿ ಆಗಿದ್ದರೆ 18 ತಾಸಿನ ಅಂತರ ಬೇಕು. ಪೂರ್ತಿ ಒಂದು ದಿನ ಬಿಟ್ಟುಬಿಡಿ, ಲೆಕ್ಕ ಸುಲಭ.

ನೀಲ್ ದ್ವೀಪ, ಮತ್ತೆ ಕ್ಯಾಲೆಂಡರ್

ನೀಲ್‌ನಲ್ಲಿ ಕಲ್ಲಿನ ನೈಸರ್ಗಿಕ ಸೇತುವೆ ನೋಡಲು ಇಳಿತದ ಹೊತ್ತು ಬೇಕು, ಭರತಪುರ ಬೀಚ್‌ನ ನೀರಿಗೆ ಉಬ್ಬರವೇ ಚೆಂದ. ಉಬ್ಬರ ದಿನಕ್ಕೆ ಎರಡು ಸಲ, ಮತ್ತೆ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹೋಟೆಲ್‌ನವರನ್ನು ಆ ದಿನದ ಸಮಯ ಕೇಳಿಕೊಂಡು ಹೊರಡಿ. ನೀರಿಗಿಳಿಯದ ಹಿರಿಯರಿಗೆ ಭರತಪುರದಲ್ಲಿ ತಳಕ್ಕೆ ಗಾಜು ಹಾಕಿದ ದೋಣಿ ಇದೆ.

ಅಮಾವಾಸ್ಯೆಯ ದಿನ ಪ್ರಯಾಣ ಬೇಡ ಅನ್ನುವ ಮನೆಗಳು ನಮ್ಮಲ್ಲಿ ಬಹಳ. ಹೊರಡುವ ದಿನ ತಪ್ಪಿಸಿ ಪರವಾಗಿಲ್ಲ, ಅಲ್ಲಿರುವ ದಿನಗಳಲ್ಲಿ ಅಮಾವಾಸ್ಯೆ ಬರಲಿ. ಅಮಾವಾಸ್ಯೆ, ಹುಣ್ಣಿಮೆಗೆ ಇಳಿತ ಜಾಸ್ತಿ, ಕಲ್ಲುಗುಂಡಿಗಳಲ್ಲಿ ನಕ್ಷತ್ರಮೀನು, ಏಡಿ ಚೆನ್ನಾಗಿ ಕಾಣುತ್ತವೆ. ಕತ್ತಲ ರಾತ್ರಿಯಲ್ಲಿ ಹ್ಯಾವ್‌ಲಾಕ್‌ನ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಕಯಾಕ್ ಅನ್ನುವ ಕಿರುದೋಣಿಯಲ್ಲಿ ಕರೆದೊಯ್ಯುತ್ತಾರೆ. ನೀರಲ್ಲಿರುವ ಕಣ್ಣಿಗೆ ಕಾಣದ ಜೀವಿಗಳು ಅಲುಗಿದಾಗ ಮಿನುಗುತ್ತವೆ. ಹುಟ್ಟು ಹಾಕಿದಲ್ಲೆಲ್ಲ ನೀಲಿ ಬೆಳಕು ಏಳುತ್ತದೆ. ಬೆಳದಿಂಗಳಿದ್ದರೆ ಇದು ಸರಿಯಾಗಿ ಕಾಣುವುದೇ ಇಲ್ಲ.

ಕೊನೆಯ ದಿನ: ರಾಸ್

ಶ್ರೀ ವಿಜಯಪುರಂಗೆ ವಾಪಸ್ ಬಂದು ದೋಣಿಯಲ್ಲಿ ರಾಸ್ ದ್ವೀಪಕ್ಕೆ ಹೋಗಿ. ಬ್ರಿಟಿಷರ ಆಡಳಿತ ಕೇಂದ್ರ ಇಲ್ಲೇ ಇತ್ತು. ಚರ್ಚು, ಬೇಕರಿ, ಸಾಹೇಬರ ಬಂಗಲೆ, ಎಲ್ಲದರ ಗೋಡೆಗಳನ್ನೂ ಈಗ ಆಲದ ಜಾತಿಯ ಬೇರುಗಳು ಅಪ್ಪಿಕೊಂಡಿವೆ. ಜಿಂಕೆ, ನವಿಲು ಓಡಾಡುತ್ತವೆ. 1942ರಲ್ಲಿ ಜಪಾನಿಯರು ಬಂದರು. 1943ರ ಡಿಸೆಂಬರ್ 30ರಂದು ನೇತಾಜಿ ಪೋರ್ಟ್ ಬ್ಲೇರ್‌ನಲ್ಲಿ ತ್ರಿವರ್ಣ ಧ್ವಜ ಹಾರಿಸಿದರು. ಬೆಂಗೇರಿಯಲ್ಲಿ ರಾಷ್ಟ್ರಧ್ವಜ ಹೊಲಿಯುವ ಊರಿನವರಾದ ನಾವು ಆ ಜಾಗವನ್ನೂ ನೋಡಿ ಬರಬೇಕು, ಅಲ್ವಾ?

ಈ ದ್ವೀಪಗಳ ಇತಿಹಾಸ ಬ್ರಿಟಿಷರಿಂದ ಶುರುವಾದದ್ದಲ್ಲ. ಜಾರವಾ, ಓಂಗೆ, ಗ್ರೇಟ್ ಅಂಡಮಾನೀಸ್, ಸೆಂಟಿನೆಲಿ ಜನ ಸಾವಿರಾರು ವರ್ಷಗಳಿಂದ ಇಲ್ಲಿದ್ದಾರೆ. ಬಾರಾಟಾಂಗ್ ದ್ವೀಪದ ಕಡೆಯ ರಸ್ತೆ ಜಾರವಾ ಮೀಸಲು ಕಾಡಿನ ಮೂಲಕ ಹೋಗುತ್ತದೆ. ಅಲ್ಲಿ ಗಾಡಿ ನಿಲ್ಲಿಸುವುದು, ಫೋಟೊ ತೆಗೆಯುವುದು, ತಿನ್ನಲು ಕೊಡುವುದು ಅಪರಾಧ. ಆ ಜನರನ್ನು ನೋಡಲಿಕ್ಕೆಂದೇ ಹೋಗುವುದು ತಪ್ಪು ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಬ್ಯಾಗ್ ಕಟ್ಟುವಾಗ ಮಕ್ಕಳ ಜೇಬು ನೋಡಿ. ದಂಡೆಯಲ್ಲಿ ಬಿದ್ದ ಸತ್ತ ಹವಳದ ತುಂಡನ್ನೂ ತರುವಂತಿಲ್ಲ, 1972ರ ವನ್ಯಜೀವಿ ಕಾಯ್ದೆಯಲ್ಲಿ ಹವಳಕ್ಕೆ ರಕ್ಷಣೆ ಇದೆ. ವಿಮಾನ ನಿಲ್ದಾಣದಲ್ಲಿ ಬ್ಯಾಗ್ ತಪಾಸಣೆಯಾಗುತ್ತದೆ. ಚಿಪ್ಪಿನ ಸಾಮಾನು ಬೇಕೇ ಬೇಕು ಅಂದರೆ ಸರ್ಕಾರಿ ಎಂಪೋರಿಯಂನಲ್ಲಿ ಕೊಂಡು, ರಸೀದಿಯನ್ನು ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ.