ಕೈಗಾಡಿಯ ಬೆನ್ನು ಹತ್ತಿದ ಐದು ವರ್ಷ

ಇಂಗ್ಲಿಷ್ ಸಾಹಿತ್ಯದಲ್ಲಿ ಪಿಎಚ್.ಡಿ. ಮಾಡಲು ಹೊರಟಾಗ ನಾನು ಬರೆದುಕೊಟ್ಟ ಮೊದಲ ಪ್ರಸ್ತಾವದ ಶೀರ್ಷಿಕೆ ‘ವಿಕ್ಟೋರಿಯಾ ಕಾಲದ ಕಾದಂಬರಿಗಳಲ್ಲಿ ಮಹಿಳೆ’. ಮಾರ್ಗದರ್ಶಕರು ಓದಿ, “ಯಾವ ಕಾದಂಬರಿ, ಯಾವ ಮಹಿಳೆ, ಯಾವ ಪುಟ?” ಎಂದು ಕೇಳಿ ಹಾಳೆಗಳನ್ನು ಹಿಂದಕ್ಕೆ ಕೊಟ್ಟರು. ವಿಕ್ಟೋರಿಯಾ ರಾಣಿ ಆಳಿದ್ದು 1837ರಿಂದ 1901ರವರೆಗೆ. ಆ ಅವಧಿಯಲ್ಲಿ ಅಚ್ಚಾದ ಕಾದಂಬರಿಗಳನ್ನೆಲ್ಲ ಓದಲು ಒಂದು ಜನ್ಮ ಸಾಲದು ಎಂಬ ಸರಳ ಲೆಕ್ಕ ನನಗೆ ಹೊಳೆದಿರಲಿಲ್ಲ.

ಮೊದಲ ವರ್ಷವನ್ನು ಸಿದ್ಧಾಂತಗಳು ನುಂಗಿದವು. ಕಾದಂಬರಿಯನ್ನು ಮುಚ್ಚಿಟ್ಟು ಕಾದಂಬರಿಯ ಬಗ್ಗೆ ಮೂವತ್ತು ಪುಟ ಬರೆಯುವ ವಿದ್ಯೆಯಲ್ಲಿ ಪಳಗಿದೆ. ಆಗ ಬರೆದ ಅಧ್ಯಾಯದಲ್ಲಿ ಈಗ ಉಳಿದಿರುವುದು ಒಂದೂವರೆ ಪುಟ, ಅದೂ ಅಡಿಟಿಪ್ಪಣಿಗಳಾಗಿ.

ದಾರಿ ಕಾಣಿಸಿದ್ದು ಎರಡನೇ ವರ್ಷದ ನಡುವೆ, ಒಂದು ಕೈಗಾಡಿಯಿಂದ. ಇಂಗ್ಲಿಷ್ ಕಾದಂಬರಿಕಾರ ಥಾಮಸ್ ಹಾರ್ಡಿಯ ‘ಟೆಸ್’, ಅದೇ ಹೆಸರಿನ ಹಳ್ಳಿ ಹುಡುಗಿಯ ಕಥೆ, ಪುಸ್ತಕವಾಗುವ ಮೊದಲು ‘ದಿ ಗ್ರಾಫಿಕ್’ ಎಂಬ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಿತ್ತು. ಕಾದಂಬರಿಯಲ್ಲಿ ಒಂದು ಭಾನುವಾರ ಹಾಲು ಕರೆಯುವ ನಾಲ್ವರು ಹುಡುಗಿಯರು ಚರ್ಚಿಗೆ ಹೊರಟಿರುತ್ತಾರೆ, ದಾರಿಯಲ್ಲಿ ಮಳೆಯ ನೀರು ನಿಂತಿರುತ್ತದೆ. ಏಂಜೆಲ್ ಕ್ಲೇರ್ ಒಬ್ಬೊಬ್ಬರನ್ನಾಗಿ ತೋಳಲ್ಲಿ ಎತ್ತಿಕೊಂಡು ದಾಟಿಸುತ್ತಾನೆ. ಪತ್ರಿಕೆಯ ಪುಟದಲ್ಲಿ ಅವನು ಯಾರನ್ನೂ ಮುಟ್ಟುವುದಿಲ್ಲ. ಎಲ್ಲಿಂದಲೋ ಒಂದು ಕೈಗಾಡಿ ತಂದು ಅದರಲ್ಲಿ ಅವರನ್ನು ಕೂರಿಸಿ ತಳ್ಳುತ್ತಾನೆ! ಮನೆಮಂದಿಯೆಲ್ಲ ಓದುವ ಪತ್ರಿಕೆಗೆ ಅಷ್ಟು ಮೈಸೋಕು ತಕ್ಕದ್ದಲ್ಲ ಎಂದು ಅಳುಕಿದ ಸಂಪಾದಕರೇ ಸೂಚಿಸಿ, ಹಾರ್ಡಿ ಒಪ್ಪಿಕೊಂಡ ಉಪಾಯವದು. ಗ್ರಂಥಾಲಯದಲ್ಲಿ ಎರಡೂ ಪುಟಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಓದಿದಾಗ ಜೋರಾಗಿ ನಕ್ಕುಬಿಟ್ಟೆ. ಮೊದಲ ವರ್ಷದ ಓದಿನಲ್ಲಿ ಒಮ್ಮೆಯೂ ನಕ್ಕಿರಲಿಲ್ಲ.

ಒಂದೇ ಕೃತಿಯ ಬೇರೆ ಬೇರೆ ಪ್ರತಿಗಳಲ್ಲಿ ಮಾತು ಬದಲಾಗಿರುವುದನ್ನು ಹಳಗನ್ನಡ ಕಾವ್ಯಗಳನ್ನು ಸಂಪಾದಿಸುವವರು ಪಾಠಾಂತರ ಎನ್ನುತ್ತಾರಲ್ಲ, ಅದೇ ಇದು. ತಾಳೆಗರಿಗೆ ಮಾತ್ರ ಸೇರಿದ್ದು ಎಂದುಕೊಂಡಿದ್ದ ಮಾತು ಅಚ್ಚಿನ ಯಂತ್ರದ ಕಾಲಕ್ಕೂ ಸಲ್ಲುತ್ತಿತ್ತು. ಹುಡುಕಿದಷ್ಟೂ ಸಿಕ್ಕಿತು. ಟೆಸ್ ತನ್ನ ಸಾಯುತ್ತಿರುವ ಮಗುವಿಗೆ ತಾನೇ ದೀಕ್ಷಾಸ್ನಾನ ಮಾಡಿಸುವ ದೃಶ್ಯ ‘ಗ್ರಾಫಿಕ್’ನಲ್ಲಿ ಇಲ್ಲವೇ ಇಲ್ಲ, ಅದು ಬೇರೊಂದು ಪತ್ರಿಕೆಯಲ್ಲಿ ಬಿಡಿ ಬರಹವಾಗಿ ಅಚ್ಚಾಗಿತ್ತು. ಅವಳ ಮೇಲಿನ ಅತ್ಯಾಚಾರದ ಜಾಗದಲ್ಲಿ ಒಂದು ನಕಲಿ ಮದುವೆ ಕುಳಿತಿತ್ತು.

ಬೀಗುತ್ತಾ ಎರಡು ತಿಂಗಳು ಕಳೆದೆ. ಆಮೇಲೆ ಮೇರಿ ಎಲೆನ್ ಚೇಸ್ ಅವರ ಪುಸ್ತಕ ಕೈಗೆ ಸಿಕ್ಕಿತು. ಹಾರ್ಡಿಯ ಧಾರಾವಾಹಿಗಳು ಪುಸ್ತಕವಾಗುವಾಗ ಏನೇನು ಬದಲಾಯಿತು ಎಂಬುದೇ ಅದರ ವಸ್ತು, ಪ್ರಕಟವಾದ ವರ್ಷ 1927. ಅದು ಸಾಲದೆಂಬಂತೆ ಜೆ. ಟಿ. ಲೇರ್ಡ್ ಎಂಬ ವಿದ್ವಾಂಸರು ‘ಟೆಸ್’ ಒಂದೇ ಕಾದಂಬರಿ ರೂಪುಗೊಂಡ ಬಗೆಯ ಮೇಲೆ 1975ರಲ್ಲಿ ಇಡೀ ಪುಸ್ತಕ ಬರೆದಿದ್ದರು. ನನ್ನ ಆವಿಷ್ಕಾರ ನಾನು ಹುಟ್ಟುವ ಮುಂಚೆಯೇ ಹಳೆಯದಾಗಿತ್ತು. ಒಂದು ವಾರ ಯಾರ ಮುಖವನ್ನೂ ನೋಡಲಿಲ್ಲ. ಮಾರ್ಗದರ್ಶಕರಿಗೆ ಹೇಳಿದಾಗ ಅವರು ಬೇಸರಪಡುವ ಬದಲು ಖುಷಿಪಟ್ಟರು. “ಒಳ್ಳೆಯದಾಯಿತು. ಈಗ ನಿಮಗೆ ಜಗಳವಾಡಲು ಜನ ಸಿಕ್ಕರು” ಎಂದರು.

ಜಗಳಕ್ಕೆ ಜಾಗ ಹುಡುಕುವುದೇ ಮುಂದಿನ ಆರು ತಿಂಗಳ ಕೆಲಸವಾಯಿತು. ಅವರೆಲ್ಲ ಬರೆದವನ ಕೈಯನ್ನು ನೋಡಿದ್ದರು. ಓದಿದವರ ಕಾಯುವಿಕೆ? ಅದರ ಬಗ್ಗೆಯೂ ಬರಹಗಳಿದ್ದವು, ಆದರೆ ಹಾರ್ಡಿಯಲ್ಲಿ ವಾರ ಕಾಯಿಸುವ ಕಥೆಗೂ ತಿಂಗಳು ಕಾಯಿಸುವ ಕಥೆಗೂ ಕಟ್ಟಣೆಯಲ್ಲೇ ವ್ಯತ್ಯಾಸವಿದೆಯೇ ಎಂಬಲ್ಲಿ ಕಾಲೂರಲು ತಾವು ಕಂಡಿತು. ‘ಫಾರ್ ಫ್ರಮ್ ದಿ ಮ್ಯಾಡಿಂಗ್ ಕ್ರೌಡ್’ 1874ರಲ್ಲಿ ‘ಕಾರ್ನ್‌ಹಿಲ್’ ಮಾಸಪತ್ರಿಕೆಯಲ್ಲಿ ಬಂದದ್ದು. ‘ದಿ ಮೇಯರ್ ಆಫ್ ಕ್ಯಾಸ್ಟರ್‌ಬ್ರಿಜ್’ 1886ರಲ್ಲಿ, ‘ಟೆಸ್’ 1891ರಲ್ಲಿ, ಎರಡೂ ವಾರಪತ್ರಿಕೆಯಲ್ಲಿ. ಮೂರೇ ಕಾದಂಬರಿ, ಒಂದೇ ಪ್ರಶ್ನೆ. ಪ್ರಸ್ತಾವ ಈ ಸಲ ಎರಡು ಪುಟಕ್ಕೆ ಮುಗಿಯಿತು.

ಆಗ ಮಾಡಿದ ಒಂದು ಕೆಲಸವನ್ನು ಹುಚ್ಚು ಎಂದವರೂ ಇದ್ದಾರೆ. 1891ರ ಕ್ಯಾಲೆಂಡರನ್ನು ಕೈಯಿಂದ ಬರೆದು ಗೋಡೆಗೆ ಅಂಟಿಸಿದೆ. ‘ಟೆಸ್’ನ ಮೊದಲ ಕಂತು ಆ ವರ್ಷದ ಜುಲೈ 4ರ ಶನಿವಾರ ಬಂದಿತ್ತು, ಕೊನೆಯದು ಡಿಸೆಂಬರ್ 26ಕ್ಕೆ. ನಾನೂ ಜುಲೈನಲ್ಲೇ ಆರಂಭಿಸಿ ಶನಿವಾರಕ್ಕೆ ಒಂದು ಕಂತಿನಂತೆ, ಸ್ಕ್ಯಾನ್ ಮಾಡಿದ ಪತ್ರಿಕೆಯ ಪುಟಗಳಲ್ಲೇ, ಚಿತ್ರಗಳ ಸಮೇತ ಓದಿದೆ. ಮುಂದಿನ ಪುಟವನ್ನು ತೆರೆಯುವಂತಿಲ್ಲ. ಐದನೇ ವಾರದ ಹೊತ್ತಿಗೆ ಟೆಸ್‌ಳ ತಮ್ಮ ತಂಗಿಯರ ಹೆಸರು ಮರೆತಿದ್ದೆ. ದಾರಿಯಲ್ಲಿ ಸತ್ತ ಅವಳ ಮನೆಯ ಕುದುರೆ ಮಾತ್ರ ಕಣ್ಣಿಗೆ ಕಟ್ಟಿದ ಹಾಗೆಯೇ ಇತ್ತು. ಇದನ್ನೇ ಸಂಭ್ರಮದಿಂದ ಒಂದು ಅಧ್ಯಾಯವಾಗಿ ಬರೆದುಕೊಟ್ಟೆ. “ನಿಮ್ಮ ಮರೆವು ಪುರಾವೆಯಲ್ಲ” ಎಂದು ಅಂಚಿನಲ್ಲಿ ಬರೆದು ಮಾರ್ಗದರ್ಶಕರು ಹಿಂದಿರುಗಿಸಿದರು. ಕಹಿಯಾದರೂ ಅದು ನಿಜ. ನಾನು ಮರೆತದ್ದು ಮುಖ್ಯವಲ್ಲ, ಓದುಗರು ಮರೆಯುತ್ತಾರೆಂದು ಹಾರ್ಡಿ ಎಲ್ಲೆಲ್ಲಿ ಮತ್ತೆ ನೆನಪಿಸಿದ್ದಾನೆ ಎಂಬುದು ಮುಖ್ಯ. ಅದು ಪುಟದ ಮೇಲೆ ಇರುತ್ತದೆ, ಎಣಿಸಬಹುದು, ತೋರಿಸಬಹುದು. ಹೀಗೆ ಮೂರೂ ಕಾದಂಬರಿಗಳಲ್ಲಿ ನೆನಪಿಸುವ ಸಾಲುಗಳನ್ನು ಗುರುತಿಸುತ್ತಾ ಹೋದದ್ದೇ ಪ್ರಬಂಧದ ಬೆನ್ನೆಲುಬಾಯಿತು. ಶನಿವಾರದ ಓದು ಪ್ರಬಂಧದಲ್ಲಿ ಎಲ್ಲಿಯೂ ಇಲ್ಲ. ಆದರೆ ಅದಿಲ್ಲದೆ ಆ ಸಾಲುಗಳು ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ.

ಬರವಣಿಗೆಯ ಬಗ್ಗೆ ಹೇಳಲು ಹೆಚ್ಚಿಲ್ಲ. ಬೆಳಿಗ್ಗೆ ಎರಡು ಗಂಟೆ, ಮೊಬೈಲ್ ಬೇರೆ ಕೋಣೆಯಲ್ಲಿ. ಸಿಕ್ಕಿಹಾಕಿಕೊಂಡ ವಾದವನ್ನು ಮೊದಲು ಕನ್ನಡದಲ್ಲಿ ಬರೆದು ನೋಡುತ್ತಿದ್ದೆ. ಇಂಗ್ಲಿಷಿನಲ್ಲಿ ಗಂಭೀರವಾಗಿ ಕಾಣುತ್ತಿದ್ದ ಎಷ್ಟೋ ವಾಕ್ಯಗಳ ಒಳಗೆ ಏನೂ ಇಲ್ಲವೆಂಬುದು ಆಗ ತಿಳಿಯುತ್ತಿತ್ತು.

ಆದರೆ ಒಂದು ತಪ್ಪಿಗೆ ದಂಡ ತೆತ್ತೆ. ಮೊದಲ ವರ್ಷ ಉದ್ಧರಣೆಗಳನ್ನು ಅಂತರ್ಜಾಲದಲ್ಲಿ ಸಿಕ್ಕ ಪ್ರತಿಗಳಿಂದ ಹಾಗೆಯೇ ನಕಲು ಮಾಡಿದ್ದೆ. ಯಾವ ಆವೃತ್ತಿ, ಯಾವ ವರ್ಷ, ಯಾವ ಪುಟ, ಒಂದನ್ನೂ ಬರೆದಿಟ್ಟಿರಲಿಲ್ಲ. ಪಾಠಾಂತರದ ಮೇಲೆ ನಿಂತ ಪ್ರಬಂಧದಲ್ಲಿ ಇದು ತಮಾಷೆಯಲ್ಲ. 1891ರ ಮೂರು ಸಂಪುಟಗಳ ‘ಟೆಸ್’ ಬೇರೆ, ಹಾರ್ಡಿ ತಿದ್ದಿ ಹೊರತಂದ 1912ರ ವೆಸೆಕ್ಸ್ ಆವೃತ್ತಿಯ ‘ಟೆಸ್’ ಬೇರೆ. ಕೊನೆಯ ವರ್ಷದ ನಾಲ್ಕು ತಿಂಗಳು ಒಂದೊಂದೇ ಉದ್ಧರಣೆಯನ್ನು ಹುಡುಕಿ, ಪುಸ್ತಕದ ಎದುರು ಇಟ್ಟು ಸರಿಪಡಿಸಿದೆ. ಆಮೇಲೆ ಇಟ್ಟುಕೊಂಡ ನೋಟ್‌ಪುಸ್ತಕದಲ್ಲಿ ಮೊದಲ ಕಾಲಂ ಆವೃತ್ತಿಯದು. ಅದು ತುಂಬದೆ ಉದ್ಧರಣೆ ಬರೆಯುವಂತಿಲ್ಲ ಎಂದು ನನಗೆ ನಾನೇ ಕಾನೂನು ಮಾಡಿಕೊಂಡಿದ್ದೆ.

ಮೌಖಿಕ ಪರೀಕ್ಷೆಗೆ ಸಿದ್ಧಾಂತದ ಪ್ರಶ್ನೆಗಳಿಗೆಂದೇ ಸಜ್ಜಾಗಿ ಹೋಗಿದ್ದೆ. ಪರೀಕ್ಷಕರು ಅವುಗಳಲ್ಲಿ ಒಂದನ್ನೂ ಕೇಳಲಿಲ್ಲ. “ಪತ್ರಿಕೆಗೆಂದು ತೆಗೆದಿದ್ದ ಕುಣಿತದ ರಾತ್ರಿಯ ಭಾಗವನ್ನು ಹಾರ್ಡಿಯೇ 1912ರಲ್ಲಿ ಕಾದಂಬರಿಗೆ ಸೇರಿಸಿದ. ಹಾಗಾದರೆ ನೀವು ‘ಟೆಸ್’ ಎನ್ನುವುದು ಯಾವುದನ್ನು?” ಎಂದರು. ಮೂರನೇ ಅಧ್ಯಾಯದಲ್ಲಿ ಶನಿವಾರದ ಪುಟಗಳನ್ನು, ಐದನೆಯದರಲ್ಲಿ 1912ರ ಪುಸ್ತಕವನ್ನು, ಎಲ್ಲಿ ಬದಲಾಯಿಸಿದ್ದೇನೋ ಅಲ್ಲಿ ಹೇಳಿದ್ದೇನೆ ಎಂದೆ. ಅವರು ಪುಟ ತಿರುಗಿಸಿ ನೋಡಿ ತಲೆಯಾಡಿಸಿದರು.

ಪದವಿಗೆ ಶಿಫಾರಸು ಮಾಡಿ, ಜೊತೆಗೆ ಸಣ್ಣ ತಿದ್ದುಪಡಿಗಳ ಪಟ್ಟಿಯೊಂದನ್ನು ಕೊಟ್ಟರು. ಮನೆಗೆ ಬಂದು ಬಿಡಿಸಿ ನೋಡಿದೆ. ಹತ್ತೊಂಬತ್ತನೇ ಅಧ್ಯಾಯದಲ್ಲಿ ಟೆಸ್‌ಳ ಮನಸ್ಸಿನ ಬಗ್ಗೆ ಬರುವ ಹೆಸರಾಂತ ಮಾತು ‘ದಿ ಏಕ್ ಆಫ್ ಮಾಡರ್ನಿಸಂ’, ಆಧುನಿಕತೆಯ ನೋವು. ಸ್ಕ್ಯಾನ್ ಯಂತ್ರ ಆರ್ ಮತ್ತು ಎನ್ ಅಕ್ಷರಗಳನ್ನು ಕೂಡಿಸಿ ಎಂ ಎಂದು ಓದಿದ್ದರಿಂದ ನನ್ನ ಪ್ರಬಂಧದಲ್ಲಿ ಅದು ‘ಮೋಡೆಮಿಸಂ’ ಆಗಿತ್ತು. ನಾಲ್ಕು ತಿಂಗಳ ಜರಡಿಯಲ್ಲೂ ನುಸುಳಿ ಉಳಿದಿದ್ದ ಅದು ಪಟ್ಟಿಯ ಮೊದಲ ಸಾಲಿನಲ್ಲೇ ಇತ್ತು.