ಗ್ಯಾರೇಜಿಗೆ ಫೋನ್ ಮಾಡುವ ಮುಂಚೆ ಫ್ಯೂಸ್ ನೋಡಿ

ಕಾರಿನಲ್ಲಿ ಏನಾದರೂ ಇದ್ದಕ್ಕಿದ್ದಂತೆ ನಿಂತುಹೋದರೆ ಎಲ್ಲರೂ ಮೊದಲು ಬಾನೆಟ್ ಎತ್ತುತ್ತಾರೆ. ಬಾನೆಟ್ ಆಮೇಲೆ ಎತ್ತೋಣ. ಮೊದಲು ಸೀಟಿನಲ್ಲೇ ಕೂತು ಇರುವ ಸ್ವಿಚ್ಚುಗಳನ್ನೆಲ್ಲ ಒಂದೊಂದಾಗಿ ಹಾಕಿ ನೋಡಿ. ಹಾರ್ನ್, ಇಂಡಿಕೇಟರ್, ಒಳಗಿನ ದೀಪ, ಕನ್ನಡಿ ತಿರುಗಿಸುವ ಬಟನ್, ಪವರ್ ವಿಂಡೋ, ಚಾರ್ಜರ್ ಸಾಕೆಟ್. ನಿಂತಿರುವುದು ಒಂದೇನಾ, ಅದರ ಜೊತೆ ಇನ್ನೂ ಏನಾದರೂ ಹೋಗಿದೆಯಾ? ಚೀಟಿಯಲ್ಲಿ ಬರೆದುಕೊಂಡರೂ ಸರಿಯೇ. ಒಂದೇ ಫ್ಯೂಸಿನ ಮೇಲೆ ನಾಲ್ಕಾರು ಸಾಮಾನು ನಡೆಯುತ್ತಿರುತ್ತವೆ. ಒಟ್ಟಿಗೆ ಹೋದದ್ದು ಯಾವ್ಯಾವುದು ಅಂತ ಗೊತ್ತಾದರೆ ಅರ್ಧ ಕೆಲಸ ಮುಗೀತು.

ನಾನು ಕಾರಿನ ಮೆಕ್ಯಾನಿಕ್ ಅಲ್ಲ. ಪುಣೆ ಹತ್ತಿರದ ಚಿಂಚವಾಡದ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಮೇಂಟೆನೆನ್ಸ್ ಮಾಡಿ ರಿಟೈರ್ ಆದವನು, ಮೂಲ ವಿಜಯಪುರದ ಕಡೆಯವನು. ಈಗ ನಿಗಡಿಯ ನಮ್ಮ ಸೊಸೈಟಿಯ ಪಾರ್ಕಿಂಗೇ ನನ್ನ ಕಾರ್ಖಾನೆ. ಮೇಲಿನ ಮನೆಯವರು ಒಂದು ಭಾನುವಾರ ಕರೆದರು. ಸ್ಟೀರಿಯೋ ಹೋಗಿದೆ, ಕನ್ನಡಿ ತಿರುಗುತ್ತಿಲ್ಲ, ಮೊಬೈಲ್ ಚಾರ್ಜ್ ಆಗುತ್ತಿಲ್ಲ. ಗ್ಯಾರೇಜಿನವನು ಫೋನಿನಲ್ಲೇ ಸ್ಟೀರಿಯೋ ಬದಲಿಸಬೇಕು ಅಂದಿದ್ದನಂತೆ. ಮೂರು ಸಾಮಾನು ಒಂದೇ ದಿನ ಕೆಡೋದು ಹೇಗೆ? ಆ ಕಾರಿನಲ್ಲಿ ಮೂರಕ್ಕೂ ಒಂದೇ 15 ಆಂಪಿಯರ್ ಫ್ಯೂಸ್. ಟಾರ್ಚ್ ಹಿಡಿದು ಸಾಕೆಟ್ ಒಳಗೆ ನೋಡಿದರೆ ತಳದಲ್ಲಿ ಒಂದು ರೂಪಾಯಿ ನಾಣ್ಯ ಅಡ್ಡ ಮಲಗಿತ್ತು. ಮೊಮ್ಮಗನ ಕೆಲಸ. ನಡುವಿನ ಬಿಂದು ಹನ್ನೆರಡು ವೋಲ್ಟ್, ಸುತ್ತಲಿನ ಗೋಡೆ ಅರ್ತ್, ಎರಡಕ್ಕೂ ನಾಣ್ಯ ತಾಗಿ ಶಾರ್ಟ್ ಆಗಿತ್ತು. ಚಾವಿ ತೆಗೆದು, ಪ್ಲಾಸ್ಟಿಕ್ ಚಿಮ್ಮಟದಲ್ಲಿ ನಾಣ್ಯ ಎತ್ತಿ, ಹೊಸ ಫ್ಯೂಸ್ ಹಾಕಿದ್ದಕ್ಕೆ ಮೂರೂ ಬಂದವು. ನಾಣ್ಯ ತೆಗೆಯದೆ ಫ್ಯೂಸ್ ಮಾತ್ರ ಹಾಕಿದ್ದರೆ ಅದೂ ಆ ಕ್ಷಣವೇ ಹೋಗುತ್ತಿತ್ತು.

ಫ್ಯೂಸ್ ಬಾಕ್ಸ್ ಎಲ್ಲಿರುತ್ತೆ? ನಮ್ಮಲ್ಲಿ ಓಡುವ ಸಾಮಾನ್ಯ ಫ್ಯಾಮಿಲಿ ಕಾರುಗಳಲ್ಲಿ ಬಹುತೇಕ ಎರಡು ಇರುತ್ತವೆ. ಒಂದು ಒಳಗೆ, ಡ್ರೈವರ್ ಕಡೆ ಡ್ಯಾಶ್‌ಬೋರ್ಡಿನ ಕೆಳಗೆ, ಮೊಣಕಾಲಿನ ಹತ್ತಿರ. ಕೆಲವು ಕಾರಲ್ಲಿ ಚಿಕ್ಕ ಮುಚ್ಚಳ ಎಳೆದರೆ ಸಿಗುತ್ತೆ, ಕೆಲವದರಲ್ಲಿ ಗ್ಲೋವ್ ಬಾಕ್ಸ್ ಹಿಂದೆ ಇರುತ್ತೆ. ಇನ್ನೊಂದು ಬಾನೆಟ್ ಒಳಗೆ, ಬ್ಯಾಟರಿಯ ಪಕ್ಕ, ಕಪ್ಪು ಪೆಟ್ಟಿಗೆ. ಸ್ಟೀರಿಯೋ, ಸಾಕೆಟ್, ವೈಪರ್, ಒಳಗಿನ ದೀಪ ಇಂಥವು ಹೆಚ್ಚಾಗಿ ಒಳಗಿನದರಲ್ಲಿ. ಹೆಡ್‌ಲೈಟ್, ಹಾರ್ನ್, ರೇಡಿಯೇಟರ್ ಫ್ಯಾನ್, ಏಸಿ ಕಂಪ್ರೆಸರ್ ಬಾನೆಟ್ ಕಡೆ. ಇದೇ ಎಲ್ಲ ಕಾರಿಗೂ ಕಾನೂನು ಅಂತ ಹಿಡಿಯಬೇಡಿ. ಗ್ಲೋವ್ ಬಾಕ್ಸಿನಲ್ಲಿ ಪ್ಲಾಸ್ಟಿಕ್ ಕವರ್ ಸಮೇತ ಮಲಗಿರುವ ಓನರ್ಸ್ ಮ್ಯಾನ್ಯುವಲ್ ಇದೆಯಲ್ಲ, ಅದರ ಕೊನೆಯ ಪುಟಗಳಲ್ಲಿ ನಕ್ಷೆ ಇರುತ್ತೆ. ಮುಚ್ಚಳದ ಒಳಬದಿಯಲ್ಲೂ ಅಂಟಿಸಿರುತ್ತಾರೆ. ಸುಮ್ನೆ ಇವತ್ತೇ ಎರಡರ ಫೋಟೋ ತೆಗೆದು ಮೊಬೈಲಲ್ಲಿ ಇಟ್ಟುಕೊಳ್ಳಿ. ಕತ್ತಲೆಯಲ್ಲಿ, ಮಳೆಯಲ್ಲಿ ಆ ಸಣ್ಣ ಅಕ್ಷರ ಓದಲು ಆಗಲ್ಲ.

ಈಗ ತೆಗೆಯುವ ಕ್ರಮ. ಇಂಜಿನ್ ಬಂದ್, ಚಾವಿ ಹೊರಗೆ, ಆ ಸಾಮಾನಿನ ಸ್ವಿಚ್ ಕೂಡ ಬಂದ್. ಬಾನೆಟ್ ಪೆಟ್ಟಿಗೆಯ ಮುಚ್ಚಳದಲ್ಲಿ ಹಲವು ಕಾರುಗಳಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಚಿಮ್ಮಟ ಸಿಕ್ಕಿಸಿರುತ್ತಾರೆ. ಅದರಿಂದಲೇ ಫ್ಯೂಸ್ ಹಿಡಿದು ನೇರ ಎಳೆಯಬೇಕು, ಅಲುಗಾಡಿಸಿ ತಿರುಚಬಾರದು. ಕಬ್ಬಿಣದ ಪಕ್ಕಡ್ ಬೇಡ. ಜಾರಿದರೆ ಪಕ್ಕದ ಎರಡು ಜಾಗಕ್ಕೆ ತಾಗುತ್ತೆ. ಒಂದು ಸಲಕ್ಕೆ ಒಂದೇ ತೆಗೆದು, ನೋಡಿ, ಅದೇ ಜಾಗಕ್ಕೆ ಒತ್ತಿ ಮುಂದಿನದಕ್ಕೆ ಹೋಗಿ. ಐದಾರು ತೆಗೆದು ಅಂಗೈಯಲ್ಲಿ ಇಟ್ಟುಕೊಂಡರೆ ಯಾವುದು ಎಲ್ಲಿಯದು ಅಂತ ತಲೆ ಕೆರೆದುಕೊಳ್ಳಬೇಕಾಗುತ್ತೆ.

ಕೈಗೆ ಬಂದದ್ದನ್ನು ಬೆಳಕಿಗೆ ಹಿಡಿಯಿರಿ. ಬಣ್ಣದ ಪಾರದರ್ಶಕ ಪ್ಲಾಸ್ಟಿಕ್, ಕೆಳಗೆ ಎರಡು ಚಪ್ಪಟೆ ಕಾಲು, ಎರಡನ್ನೂ ಸೇರಿಸುವ ಸೊಟ್ಟ ತಗಡಿನ ಪಟ್ಟಿ. 1976ರಲ್ಲಿ ಲಿಟಲ್‌ಫ್ಯೂಸ್ ಕಂಪನಿ ತಂದ ಮಾದರಿ ಇದು, ಈಗ ಹೆಚ್ಚಾಗಿ ಅದರ ಚಿಕ್ಕ ರೂಪಗಳು ಬರುತ್ತವೆ. ಪಟ್ಟಿ ಇಡಿಯಾಗಿದ್ದರೆ ಚೆನ್ನಾಗಿದೆ ಅನ್ನಬಹುದು. ಕಡಿದಿದ್ದರೆ ಹೋಗಿದೆ. ಕಡಿದದ್ದು ಹೇಗೆ ಅಂತಲೂ ಒಂಚೂರು ಗಮನಿಸಿ. ಪ್ಲಾಸ್ಟಿಕ್ ಒಳಗೆ ಕಪ್ಪು ಹೊಗೆ ಬಡಿದು ಪಟ್ಟಿಯೇ ಮಾಯವಾಗಿದ್ದರೆ ಅದು ಬಹುಮಟ್ಟಿಗೆ ಶಾರ್ಟ್. ಪಟ್ಟಿ ನಡುವೆ ಮಾತ್ರ ಕರಗಿ ಸಣ್ಣ ಸೀಳಿದ್ದು, ಪ್ಲಾಸ್ಟಿಕ್ ಸ್ವಚ್ಛವಾಗಿದ್ದರೆ ನಿಧಾನಕ್ಕೆ ಜಾಸ್ತಿ ಲೋಡ್ ಬಿದ್ದಿರಬಹುದು, ಮೋಟಾರ್ ಬಿಗಿಯಾದಾಗ ಆಗುತ್ತಲ್ಲ, ಹಾಗೆ.

ಕಣ್ಣಿಗೆ ಕಾಣದ ಬಿರುಕೂ ಇರುತ್ತೆ. ಅದಕ್ಕೇ ಮಲ್ಟಿಮೀಟರ್, ಅಂದರೆ ವೋಲ್ಟ್ ಅಳೆಯುವ ಕೈ ಮೀಟರ್. ಇದರಲ್ಲಿ ಫ್ಯೂಸ್ ತೆಗೆಯೋದೂ ಬೇಡ. ಪ್ರತಿ ಫ್ಯೂಸಿನ ತಲೆಯ ಮೇಲೆ ಎರಡು ಚಿಕ್ಕ ತೂತು, ಅದರಲ್ಲಿ ಲೋಹ ಕಾಣುತ್ತೆ. ಮೀಟರನ್ನು ಡಿಸಿ 20 ವೋಲ್ಟಿಗೆ ಇಡಿ. ಕಪ್ಪು ಕಡ್ಡಿಯನ್ನು ಕಾರಿನ ಬಾಡಿಯಲ್ಲಿ ಪೇಂಟ್ ಬಳಿಯದ ಬೋಲ್ಟಿಗೋ ಬ್ಯಾಟರಿಯ ಮೈನಸ್‌ಗೋ ಹಿಡಿಯಿರಿ. ಚಾವಿ ಆನ್ ಮಾಡಿ, ಕೆಂಪು ಕಡ್ಡಿಯಿಂದ ಎರಡೂ ತೂತನ್ನು ಒಂದಾದ ಮೇಲೊಂದು ಮುಟ್ಟಿ. ಎರಡರಲ್ಲೂ ಹನ್ನೆರಡು ಚಿಲ್ಲರೆ ಬಂದರೆ ಫ್ಯೂಸ್ ಸರಿ ಇದೆ, ದೋಷ ಅದರಾಚೆ. ಒಂದರಲ್ಲಿ ಹನ್ನೆರಡು, ಇನ್ನೊಂದರಲ್ಲಿ ಸೊನ್ನೆ ಬಂದರೆ ಫ್ಯೂಸ್ ಹೋಗಿದೆ. ಎರಡರಲ್ಲೂ ಸೊನ್ನೆ? ಇಲ್ಲೇ ಜನ ಎಡವೋದು. ಸೊನ್ನೆ ನೋಡಿ ಫ್ಯೂಸ್ ಕೆಟ್ಟಿದೆ ಅಂತ ಬದಲಿಸಿಬಿಡುತ್ತಾರೆ. ಅಸಲಿಗೆ ಅಲ್ಲಿಗೆ ಕರೆಂಟೇ ಬಂದಿಲ್ಲ. ಚಾವಿ ಸರಿಯಾದ ಹಂತದಲ್ಲಿ ಇಲ್ಲ, ಇಲ್ಲವೇ ಅದಕ್ಕಿಂತ ಮೇಲಿನ ದೊಡ್ಡ ಫ್ಯೂಸೋ, ರಿಲೇಯೋ (ಕರೆಂಟಿನಿಂದಲೇ ನಡೆಯುವ ಸ್ವಿಚ್) ಹೋಗಿದೆ. ಪಟ್ಟಿ ಇಡಿಯಾಗಿದ್ದರೆ ಮೀಟರ್ ಬೀಪ್ ಅನ್ನುವ ಪರೀಕ್ಷೆ ಮಾಡುವುದಾದರೆ ಮಾತ್ರ ಫ್ಯೂಸ್ ಹೊರಗೆ ತೆಗೆದೇ ನೋಡಬೇಕು. ಒಳಗಿದ್ದಾಗ ಬೇರೆ ದಾರಿಯಿಂದ ಬೀಪ್ ಬಂದು ಮೋಸ ಮಾಡುತ್ತೆ.

ಕಳೆದ ಮಳೆಗಾಲದಲ್ಲಿ ನನ್ನ ತಂಗಿಯ ಮಗಳು ವಾಕಡದಿಂದ ಬೆಳಗಾವಿಗೆ ಹೊರಟಿದ್ದಳು. ಖಂಬಾಟ್ಕಿ ಘಾಟ್ ಹತ್ತುವ ಮುಂಚೆ, ಶಿರವಳದ ಹತ್ತಿರ ಫೋನ್ ಬಂತು.

"ಮಾಮಾ, ವೈಪರ್ ನಿಂತುಬಿಟ್ಟದ. ಮಳಿ ಭಾಳ ಜೋರದ."

"ಗಾಡಿ ಎಲ್ಲಿ ನಿಂದ್ರಿಸೀದಿ?"

"ಪೆಟ್ರೋಲ್ ಪಂಪಿನ ಮಾಡದ ಕೆಳಗ."

"ಛಲೋ ಮಾಡಿದಿ. ಈಗ ಗಾಜಿಗೆ ನೀರು ಹೊಡಿ. ಬರ್ತದೇನು?"

"ನೀರು ಬರ್ಲಿಕ್ಕತ್ತದ. ವೈಪರ್ ಅಷ್ಟ ಅಳ್ಳಾಡವಲ್ದು."

ನೀರಿನ ಮೋಟಾರಿಗೆ ಕರೆಂಟ್ ಬರುತ್ತಿದೆ ಅಂದರೆ ಚಾವಿಯ ಕಡೆಯಿಂದ ತೊಂದರೆ ಇಲ್ಲ. ಅವಳ ಕಾರಿನಲ್ಲಿ ಎರಡಕ್ಕೂ ಬೇರೆ ಬೇರೆ ಫ್ಯೂಸ್ ಅಂತ ಮ್ಯಾನ್ಯುವಲ್ ನೋಡಿ ಹೇಳಿದಳು. ಸ್ವಿಚ್ ಹಾಕಿದರೆ ಗುಂಯ್ ಅನ್ನುವ ಸದ್ದೂ ಇಲ್ಲ. ಹಾಗಾದರೆ ವೈಪರ್ ಫ್ಯೂಸ್ ನೋಡು ಅಂದೆ. 30 ಆಂಪಿಯರ್, ಹಸಿರು, ಪಟ್ಟಿ ನಡುವೆ ಕಡಿದಿತ್ತು. ಹೊಸದು ಹಾಕುವ ಮುಂಚೆ ವೈಪರಿನ ಬುಡ ನೋಡಿಸಿದೆ. ಗಾಜು ಬಾನೆಟ್ಟಿಗೆ ಸೇರುವ ಸಂದಿಯಲ್ಲಿ, ತೋಳಿನ ಕೆಳಗೆ, ಗುಲ್‌ಮೊಹರಿನ ಒಣಗಿದ ಉದ್ದ ಕಾಯಿ ಸಿಕ್ಕಿಕೊಂಡಿತ್ತು. ರಾತ್ರಿಯೆಲ್ಲ ಮರದ ಕೆಳಗೆ ನಿಲ್ಲಿಸಿದ್ದಳು. ವೈಪರ್ ಅದಕ್ಕೆ ಒತ್ತಿ ಒತ್ತಿ ಮೋಟಾರ್ ಬಿಗಿದು ಫ್ಯೂಸ್ ಹೋಗಿದೆ. ಕಾಯಿ ಎಳೆದು ತೆಗೆದಳು. ಆದರೆ ಕೈಯಲ್ಲಿ ಬಿಡಿ ಫ್ಯೂಸ್ ಇಲ್ಲ. ಹಿಂದಿನ ಗಾಜಿನ ಡಿಫಾಗರಿಗೂ ಅದೇ ಅಳತೆಯ, ಅದೇ 30 ಆಂಪಿಯರಿನ ಹಸಿರು ಫ್ಯೂಸ್ ಇತ್ತು. ಅದನ್ನು ತೆಗೆದು ವೈಪರಿಗೆ ಹಾಕಿಸಿದೆ. ಹಿಂದಿನ ಗಾಜು ಮಂಜಾದರೂ ಬೆಳಗಾವಿ ಮುಟ್ಟಬಹುದು, ಮುಂದಿನದು ಕಾಣದೆ ಘಾಟ್ ಹತ್ತೋಕೆ ಆಗಲ್ಲ ಅಲ್ವಾ?

ಹೀಗೆ ಸಾಲ ತೆಗೆಯುವಾಗ ನಂಬರ್ ಅದೇ ಇರಬೇಕು, ಇದರಲ್ಲಿ ರಾಜಿ ಇಲ್ಲ. ನಂಬರ್ ತಲೆಯ ಮೇಲೆ ಬರೆದಿರುತ್ತೆ, ಬಣ್ಣವೂ ಹೇಳುತ್ತೆ: 5 ತಿಳಿಕಂದು, 7.5 ಕಂದು, 10 ಕೆಂಪು, 15 ನೀಲಿ, 20 ಹಳದಿ, 25 ಬಣ್ಣವಿಲ್ಲದ್ದು, 30 ಹಸಿರು. ಎರಡು ಕಂದು ಬಣ್ಣ ರಾತ್ರಿ ಒಂದೇ ಥರ ಕಾಣುತ್ತವೆ, ಅಲ್ಲಿ ನಂಬರನ್ನೇ ಓದಿ.

ದೊಡ್ಡ ನಂಬರ್ ಹಾಕಿದರೆ ಏನಾಗುತ್ತೆ ಅಂತ ಕೇಳುವವರಿಗೆ ನಾನು ಒಂದು ವೈರಿನ ತುಂಡು ತೋರಿಸುತ್ತೇನೆ. ಪಕ್ಕದ ಬಿಲ್ಡಿಂಗಿನವರು ಕೊಂಡ ಸೆಕೆಂಡ್ ಹ್ಯಾಂಡ್ ಕಾರಿನಿಂದ ಕತ್ತರಿಸಿದ್ದು. ಕೆಂಪು 10 ಇರಬೇಕಾದ ಜಾಗದಲ್ಲಿ ಯಾರೋ ಹಸಿರು 30 ತುರುಕಿದ್ದರು. ಪದೇ ಪದೇ ಹೋಗುತ್ತಿತ್ತು, ಅದಕ್ಕೆ "ಗಟ್ಟಿ" ಫ್ಯೂಸ್ ಹಾಕಿದ್ದಾರೆ. ಕಾರ್ಪೆಟ್ ಎತ್ತಿದರೆ ವೈರಿನ ಮೇಲಿನ ಪ್ಲಾಸ್ಟಿಕ್ ಕರಗಿ, ಪಕ್ಕದ ವೈರಿಗೆ ಅಂಟಿ, ಕಡ್ಡಿಯಂತೆ ಸೆಟೆದು ನಿಂತಿತ್ತು. ಮೂಗಿಗೆ ಹಿಡಿದರೆ ಈಗಲೂ ಸುಟ್ಟ ವಾಸನೆ. ಫ್ಯೂಸ್ ಇರುವುದು ಮುಖ್ಯವಾಗಿ ಆ ವೈರನ್ನು ಕಾಯಲು. 10 ಆಂಪಿಯರ್ ಫ್ಯೂಸಿನಲ್ಲಿ 20 ಹರಿದರೆ ಹೆಚ್ಚೆಂದರೆ 5 ಸೆಕೆಂಡಿನಲ್ಲಿ ಅದು ಕರಗಬೇಕು. ಅಲ್ಲಿ 30 ಹಾಕಿದರೆ ಅದೇ 20 ಆಂಪಿಯರ್ ದಿನವಿಡೀ ಹರಿಯುತ್ತೆ, ಬಿಸಿಯಾಗುವುದು ವೈರು. ತಾಮ್ರದ ಎಳೆ ಸುತ್ತೋದು, ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ತುರುಕೋದು ಇದಕ್ಕಿಂತಲೂ ಕೆಟ್ಟದ್ದು. ಹೊಸ ಫ್ಯೂಸ್ ಹಾಕಿದ ಕೂಡಲೇ ಮತ್ತೆ ಹೋದರೆ ಅಲ್ಲಿಗೆ ನಿಮ್ಮ ಕೆಲಸ ಮುಗೀತು, ವೈರಿಂಗ್ ಬಲ್ಲವರಿಗೆ ತೋರಿಸಿ.

ಯಾವ ಸಾಮಾನು ಎಷ್ಟು ಆಂಪಿಯರ್ ಎಳೆಯುತ್ತೆ ಅನ್ನುವ ಲೆಕ್ಕ ಸುಲಭ, ವ್ಯಾಟ್ ಅನ್ನು 12ರಿಂದ ಭಾಗಿಸಿ. 55 ವ್ಯಾಟ್ ಹೆಡ್‌ಲೈಟ್ ಬಲ್ಬಿಗೆ ಸುಮಾರು ನಾಲ್ಕೂವರೆ ಆಂಪಿಯರ್. ಸಾಕೆಟ್ ಮುಚ್ಚಳದ ಮೇಲೆ 120 ವ್ಯಾಟ್ ಅಂತ ಬರೆದಿದ್ದರೆ 10 ಆಂಪಿಯರ್. ಗಾಳಿ ತುಂಬುವ ದೊಡ್ಡ ಪಂಪನ್ನು ಅದಕ್ಕೆ ಚುಚ್ಚುವ ಮುಂಚೆ ಪಂಪಿನ ಮೇಲಿನ ನಂಬರ್ ಓದಿ. ಹೆಡ್‌ಲೈಟ್‌ಗೆ ಸಾಮಾನ್ಯವಾಗಿ ಎಡಕ್ಕೊಂದು ಬಲಕ್ಕೊಂದು ಫ್ಯೂಸ್ ಕೊಟ್ಟಿರುತ್ತಾರೆ. ಒಂದೇ ಕಡೆ ಹೋದರೆ ಮೊದಲು ಬಲ್ಬ್ ನೋಡಿ, ಎರಡೂ ಒಟ್ಟಿಗೆ ಹೋದರೆ ರಿಲೇ ಇಲ್ಲವೇ ಸ್ವಿಚ್ಚಿನ ಮೇಲೆ ಅನುಮಾನ ಪಡಿ. ರಿಲೇ ಅಂದರೆ ಅದೇ ಪೆಟ್ಟಿಗೆಯಲ್ಲಿರುವ ಚೌಕದ ಡಬ್ಬಿ. ಪಕ್ಕದಲ್ಲಿ ಅದೇ ನಂಬರಿನದು, ಹಾರ್ನಿನದೋ ಮತ್ತೊಂದೋ ಇದ್ದರೆ, ಅದಲುಬದಲು ಮಾಡಿ ನೋಡಿದರೆ ಗೊತ್ತಾಗುತ್ತೆ.

ನಮ್ಮ ಪುಣೆ, ಪಿಂಪ್ರಿ ಕಡೆ ಸಿಎನ್‌ಜಿ ಕಾರು ಜಾಸ್ತಿ. ಹೊರಗಿನಿಂದ ಕಿಟ್ ಹಾಕಿಸಿದ್ದರೆ ಅದರ ಫ್ಯೂಸ್ ಕಂಪನಿಯ ನಕ್ಷೆಯಲ್ಲಿ ಇರಲ್ಲ. ಬ್ಯಾಟರಿಯ ಪ್ಲಸ್‌ನಿಂದ ಹೊರಟ ವೈರಿನಲ್ಲೇ ಒಂದು ಚಿಕ್ಕ ಹೋಲ್ಡರ್ ನೇತಾಡುತ್ತಿರುತ್ತೆ, ಫ್ಯೂಸ್ ಅದರೊಳಗೆ. ಗಾಡಿ ಪೆಟ್ರೋಲಿನಲ್ಲಿ ಓಡುತ್ತೆ, ಗ್ಯಾಸಿಗೆ ಬದಲಾಗುತ್ತಿಲ್ಲ, ಸ್ವಿಚ್ಚಿನ ಲೈಟೂ ಇಲ್ಲ ಅಂದರೆ ಮೊದಲು ಅದನ್ನೇ ಬಿಚ್ಚಿ ನೋಡಿ. ಗ್ಯಾಸಿನ ಪೈಪು, ವಾಲ್ವಿಗೆ ಮಾತ್ರ ಕೈ ಹಾಕಬೇಡಿ. ಎಕ್ಸ್‌ಟ್ರಾ ಹಾರ್ನ್, ಫಾಗ್ ಲ್ಯಾಂಪ್ ಹಾಕಿಸಿದವರೂ ಇದೇ ಥರದ ನೇತಾಡುವ ಫ್ಯೂಸ್ ಹುಡುಕಬೇಕು. ಮಳೆಗಾಲದಲ್ಲಿ ಬಾನೆಟ್ ಪೆಟ್ಟಿಗೆ ತೆರೆದಾಗ ಕಾಲುಗಳ ಮೇಲೆ ಹಸಿರು ಪುಡಿ ಕಂಡರೆ ನೀರು ಇಳಿದಿದೆ ಅಂತ ತಿಳಿಯಿರಿ. ಇಲಿ ಕಡಿದ ವೈರೂ ಈ ದಿನಗಳಲ್ಲೇ ಜಾಸ್ತಿ ಸಿಗೋದು.

ಕೆಲವಕ್ಕೆ ಕೈ ಹಾಕಬಾರದು. ಏರ್‌ಬ್ಯಾಗಿನ ಫ್ಯೂಸ್ ಮತ್ತು ಅದರ ಹಳದಿ ಕನೆಕ್ಟರ್‌ಗಳಿಗೆ ಮೀಟರ್ ಕೂಡ ಹಿಡಿಯಬೇಡಿ. ಬ್ಯಾಟರಿಯ ಬುಡದಲ್ಲಿ ಬೋಲ್ಟ್ ಹಾಕಿ ಕೂರಿಸಿದ ದೊಡ್ಡ ಮೇನ್ ಫ್ಯೂಸ್ ಹೋಗಿದ್ದರೆ ಅದು ಮನೆಯ ಕೆಲಸ ಅಲ್ಲ. ಎಲೆಕ್ಟ್ರಿಕ್, ಹೈಬ್ರಿಡ್ ಕಾರಿನಲ್ಲಿ ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಅದರ ಹತ್ತಿರವೂ ಹೋಗಬೇಡಿ, ಅದು ಹನ್ನೆರಡು ವೋಲ್ಟಿನದಲ್ಲ.

ಬಿಡಿ ಫ್ಯೂಸ್ ನಾನು ಪುಣೆಯ ನಾನಾ ಪೇಠಿನ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ತರುತ್ತೇನೆ. ಹೋಗುವಾಗ ನಿಮ್ಮ ಕಾರಿನ ಒಂದು ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡು ಹೋಗಿ, ಅಳತೆ ಹೊಂದಿಸಲು. ಅಗ್ಗದ ಮಿಕ್ಸ್ ಡಬ್ಬಿ ಬೇಡ. ಅಂಥದರಲ್ಲಿ ಬರೆದ ನಂಬರ್ ದಾಟಿದರೂ ಕರಗದ ಫ್ಯೂಸ್ ಇರುತ್ತವೆ. ಹೆಸರಿರುವ ಕಂಪನಿಯದು, 10, 15, 20, 30 ಎರಡೆರಡು ಸಾಕು. ಜೊತೆಗೆ ಚಿಮ್ಮಟ, ಸಣ್ಣ ಟಾರ್ಚ್.

ತಿಂಗಳಿಗೊಮ್ಮೆ ಬ್ರೇಕ್ ಲೈಟ್ ನೋಡಿ. ಅದರ ಫ್ಯೂಸ್ ಹೋದರೆ ಒಳಗೆ ಕೂತವರಿಗೆ ಗೊತ್ತೇ ಆಗಲ್ಲ, ಹಿಂದಿನವನು ಬಂದು ಗುದ್ದುವವರೆಗೆ. ಆಟೋಮ್ಯಾಟಿಕ್ ಗೇರಿನ ಎಷ್ಟೋ ಕಾರುಗಳಲ್ಲಿ ಈ ಫ್ಯೂಸ್ ಹೋದರೆ ಗೇರ್ 'ಪಾರ್ಕ್' ಬಿಟ್ಟು ಕದಲುವುದೇ ಇಲ್ಲ, ಜನ ಗೇರ್‌ಬಾಕ್ಸೇ ಹೋಯ್ತು ಅಂತ ಗಾಡಿ ಎಳೆಸುತ್ತಾರೆ. ಪಾರ್ಕಿಂಗಿನಲ್ಲಿ ಗೋಡೆಗೆ ಬೆನ್ನು ಮಾಡಿ ನಿಲ್ಲಿಸಿ, ಬ್ರೇಕ್ ಒತ್ತಿ, ಕನ್ನಡಿಯಲ್ಲಿ ಗೋಡೆ ಕೆಂಪಾಯಿತಾ ನೋಡಿಕೊಳ್ಳಿ.