ಅಜ್ಜಿಯ ಧಾರೆ ಸೀರೆಗೆ 12 ಕಲಿ

ಹಾಸನದಲ್ಲಿ ಹೊಲಿಗೆ ಅಂಗಡಿ ಇಟ್ಟ ಮೇಲೆ ನಾನು ಜಾಸ್ತಿ ಹೊಲಿದದ್ದು ರೇಷ್ಮೆ ಲಂಗ. ಅದರಲ್ಲಿ ಕತ್ತರಿಗೆ ಕೆಲಸವೇ ಕಡಿಮೆ. ಮೂರೂವರೆ ಮೀಟರ್ ಬಟ್ಟೆಯನ್ನು ಹಾಗೇ ಅಡ್ಡಕ್ಕೆ ಸುತ್ತಿ, ಸೊಂಟಕ್ಕೆ ನೆರಿಗೆ ಹಿಡಿದು ಪಟ್ಟಿ ಕೊಟ್ಟರೆ ಆಯ್ತು. ಅಂಚು ತಾನೇ ಕಾಲ ಬಳಿ ಬರುತ್ತದೆ.

ಹೋದ ವರ್ಷ ಗೊತ್ತಿರುವ ಮನೆಯ ಹುಡುಗಿಯೊಬ್ಬಳು ಅಜ್ಜಿಯ ಧಾರೆ ಸೀರೆ ತಂದಳು. "ಅಕ್ಕಾ, ನೆರಿಗೆ ಬೇಡ, ಸೊಂಟ ದಪ್ಪ ಕಾಣುತ್ತೆ. ಲೆಹೆಂಗಾ ಥರ ಘೇರ್ ಬರಲಿ" ಅಂದಳು. ಸುಮ್ನೆ ಒಪ್ಪಿಕೊಂಡೆ.

ಆ ಘೇರ್, ಅಂದರೆ ಕೆಳಗೆ ಅಗಲವಾಗಿ ಹರಡುವ ಸುತ್ತು, ಬರುವುದು ಕಲಿಯಿಂದ. ಕಲಿ ಅಂದರೆ ಮೇಲೆ ಕಿರಿದು, ಕೆಳಗೆ ಅಗಲ ಇರುವ ತುಂಡು. ರಾಜಸ್ಥಾನದಲ್ಲಿ ಘಾಗ್ರವನ್ನು ಕಲಿ ಎಣಿಸಿಯೇ ಹೊಗಳುತ್ತಾರೆ. 80 ಕಲಿಯ ಘಾಗ್ರ ಅನ್ನುವ ಮಾತೇ ಇದೆ. ಅಲ್ಲಿ ಕಲಿಗಳನ್ನು ಕೂಡಿಸಿ, ಕೆಳಗೆ ದುಂಡಗೆ ಕತ್ತರಿಸಿ, ಆಮೇಲೆ ಹೊಳೆಯುವ ಗೋಟಾ ಪಟ್ಟಿ ಹೊಲಿಯುತ್ತಾರೆ. ಪಟ್ಟಿ ಹೇಗೆ ಬೇಕಾದರೂ ಬಗ್ಗುತ್ತದೆ. ನಮ್ಮ ಸೀರೆಯ ಅಂಚು ಮಗ್ಗದಲ್ಲೇ ನೆಟ್ಟಗೆ ಬಂದಿರುತ್ತದೆ, ಬಗ್ಗುವುದಿಲ್ಲ. ನಮ್ಮ ಲಂಗಕ್ಕೆ ನೆರಿಗೆ ಬಂದಿದ್ದೇ ಇದಕ್ಕೆ ಅಂತ ನನ್ನ ಲೆಕ್ಕ.

ಮೊದಲು ಲೈನಿಂಗ್ ಬಟ್ಟೆಯಲ್ಲಿ ಹೊಲಿದು ನೋಡಿದ್ದು ಪುಣ್ಯ. ಸೊಂಟ 30 ಇಂಚು, ಉದ್ದ 40, ಕೆಳಗಿನ ಸುತ್ತಳತೆ 168. ಆರೇ ಕಲಿ ಹಾಕಿದ್ದೆ. ಪ್ರತಿ ಕೂಡುವ ಕಡೆಯೂ ಮೂಲೆ ಒಂದೂವರೆ ಇಂಚು ಜೋತುಬಿತ್ತು. ಸಮ ಮಾಡೋಣ ಅಂದರೆ ಅಂಚಿಗೇ ಕತ್ತರಿ! ಎಲ್ಲ ಬಿಚ್ಚಿ 12 ಕಲಿ ಮಾಡಿದೆ. ಮೇಲೆ ಎರಡೂವರೆ, ಕೆಳಗೆ 14 ಇಂಚು. ಈಗ ಜೋತುಬಿದ್ದದ್ದು ಅರ್ಧ ಇಂಚಿಗೂ ಕಡಿಮೆ. ಒಂದು ರಾತ್ರಿ ನೇತುಹಾಕಿ, ಬೆಳಗ್ಗೆ ಅಷ್ಟನ್ನೂ ಸೊಂಟದ ಪಟ್ಟಿಯೊಳಗೆ ಎಳೆದುಕೊಂಡೆ.

ಇನ್ನೊಂದು ಆಸೆ ಬಂತು. ಸೀರೆಗೆ ಎರಡೂ ಕಡೆ ಒಂದೇ ಅಳತೆಯ ಅಂಚು. ಒಂದು ಕಲಿ ನೆಟ್ಟಗೆ, ಒಂದು ತಲೆಕೆಳಗೆ ಇಟ್ಟು ಕತ್ತರಿಸಿದರೆ ಮೂರು ಮೀಟರಲ್ಲೇ ಮುಗಿಯುತ್ತದಲ್ವಾ? ಸೀಮೆಸುಣ್ಣದಲ್ಲಿ ಗೆರೆ ಎಳೆದ ಮೇಲೆ ನೋಡುತ್ತೇನೆ, ಸೀರೆಯಲ್ಲಿ ನೇಯ್ದ ನವಿಲುಗಳಲ್ಲಿ ಅರ್ಧದಷ್ಟು ತಲೆಕೆಳಗೆ. ಒರೆಸಿ ಎಲ್ಲವನ್ನೂ ನೆಟ್ಟಗೆ ಇಟ್ಟೆ. ಹೊಲಿಗೆಗೆ ಬಿಟ್ಟ ಬಟ್ಟೆ ಸೇರಿ ಕಲಿಗೆ 15 ಇಂಚು, ಒಟ್ಟು 180. ಉಳಿದದ್ದು ಸೆರಗು ಮಾತ್ರ. ಅದರಲ್ಲಿ ರವಿಕೆ ಆಯ್ತು. ದುಪಟ್ಟಾಗೆ ನೆಟ್ ಬಟ್ಟೆ ಕೊಂಡರು.

ಹಳೇ ರೇಷ್ಮೆ ಮಡಿಕೆ ಬಿದ್ದ ಕಡೆ ಪಿಸಿದಿತ್ತು. ಪ್ರತಿ ಕಲಿಗೂ ಹಿಂದಿನಿಂದ ತೆಳು ಹತ್ತಿ ಬಟ್ಟೆ ಕೊಟ್ಟೇ ಕೂಡಿಸಿದೆ. ಎರಡು ದಿನ ಇದಕ್ಕೇ ಹೋಯಿತು. ಕೂಲಿ ಕೇಳುವಾಗ ಇದನ್ನು ಲೆಕ್ಕ ಹಾಕಿರಲಿಲ್ಲ, ನನ್ನದೇ ತಪ್ಪು.

ತೆಗೆದುಕೊಂಡು ಹೋಗಲು ಅಜ್ಜಿಯೇ ಬಂದರು. ಕೆಳಗಿನ ಅಂಚು ಮಗುಚಿ ನೋಡಿದರು, ಬೆರಳಲ್ಲಿ ಸವರಿದರು.

"ಚೆನ್ನಾಗೈತೆ. ಉಳಿದ ಚೂರೆಲ್ಲ ಎಲ್ಲಮ್ಮ?"

ಕಲಿಗಳ ನಡುವೆ ಉಳಿದ ಮುಕ್ಕೋನೆ ಚೂರುಗಳನ್ನು ಕವರಿಗೆ ಹಾಕಿಟ್ಟಿದ್ದೆ, ಜರಿ ಸಮೇತ. ಅಜ್ಜಿ ಬೆಂಚಿನ ಮೇಲೆ ಕೂತು ಒಂದೊಂದೇ ಎಣಿಸಿಕೊಂಡರು.